ಎಲುಬು ಸಾಕ್ಷಿ ಹೇಳುವ ಮೊದಲು

ಮಧುಗಿರಿಯ ಏಕಶಿಲಾ ಬೆಟ್ಟವನ್ನಾಗಲಿ, ಕೊರಟಗೆರೆ, ಪಾವಗಡದ ಬಂಡೆಗಳನ್ನಾಗಲಿ ಎಷ್ಟು ಒಡೆದರೂ ಒಳಗೆ ಒಂದು ಹಕ್ಕಿಯ ಎಲುಬು ಸಿಗದು. ರಾಮನಗರದ ಕಡೆಯಿಂದ ಹಬ್ಬಿ ಬಂದ ಈ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಭೂಗರ್ಭದ ಶಿಲಾದ್ರವ ಸುಮಾರು 250 ಕೋಟಿ ವರ್ಷಗಳ ಹಿಂದೆ ತಣಿದು ಆದ ಕಲ್ಲು ಅದು. ಹಕ್ಕಿಗಳು ಬಂದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಪಳೆಯುಳಿಕೆ ಉಳಿಯಲು ಕೆಸರೋ, ಮರಳೋ, ಗುಹೆಯೋ ಬೇಕು. ಹಕ್ಕಿಯ ಎಲುಬು ತೆಳು, ಎಷ್ಟೋ ಕಡೆ ಪೊಳ್ಳು. ಸತ್ತ ಹಕ್ಕಿಗಳಲ್ಲಿ ಬಹುಪಾಲು ಯಾವ ಗುರುತೂ ಇಲ್ಲದೆ ಮಣ್ಣಾಗುತ್ತವೆ.

ಗುರುತು ಉಳಿಸಿ ಹೋದವು ಕೆಲವೇ. 1839ರಲ್ಲಿ ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಗೇಣುದ್ದವೂ ಇಲ್ಲದ ಒಂದು ತೊಡೆಮೂಳೆಯ ತುಂಡನ್ನು ತೋರಿಸಿ, ನ್ಯೂಜಿಲೆಂಡಿನಲ್ಲಿ ಒಮ್ಮೆ ದೈತ್ಯ ಹಕ್ಕಿಯೊಂದು ಇತ್ತು ಎಂದ. ಮುಂದೆ ರಾಶಿ ರಾಶಿ ಎಲುಬು ಬಂದು ಅವನ ಮಾತು ನಿಜವಾಯಿತು. 1843ರಲ್ಲಿ ಆ ಕುಲಕ್ಕೆ ಅವನು ಇಟ್ಟ ಹೆಸರು ಡೈನಾರ್ನಿಸ್. ರೆಕ್ಕೆಯೇ ಇಲ್ಲದ ಈ ಮೋವಾ ಹಕ್ಕಿ ಕತ್ತೆತ್ತಿದರೆ ಸುಮಾರು ಮೂರೂವರೆ ಮೀಟರ್. ಮನುಷ್ಯರು ಆ ದ್ವೀಪಗಳಲ್ಲಿ ನೆಲೆಸಿದ್ದು 1300ರ ಸುಮಾರಿಗೆ. ಎರಡು ಶತಮಾನ ಕಳೆಯುವಷ್ಟರಲ್ಲಿ ಒಂದು ಮೋವಾ ಕೂಡ ಉಳಿದಿರಲಿಲ್ಲ. ಮೋವಾಗಳು ಪ್ರಾಯಕ್ಕೆ ಬರಲು ಹಲವು ವರ್ಷ ಹಿಡಿಯುತ್ತಿತ್ತೆಂದು ಎಲುಬಿನೊಳಗಿನ ಬೆಳವಣಿಗೆಯ ಗೆರೆಗಳು ಹೇಳುತ್ತವೆ. ಹುಟ್ಟುವುದಕ್ಕಿಂತ ಬೇಗ ಸಾಯುವ ಕುಲ ಎಷ್ಟು ದಿನ ಬಾಳೀತು? ಅವನ್ನೇ ತಿಂದು ಬದುಕಿದ್ದ ದೊಡ್ಡ ಹದ್ದೂ ಅವುಗಳ ಹಿಂದೆಯೇ ಹೋಯಿತು.

ತಪ್ಪು ಯಾರದು? ಒಬ್ಬೊಬ್ಬನೂ ತನ್ನ ಮಕ್ಕಳ ಹಸಿವಿಗೆ ಒಂದು ಹಕ್ಕಿ ಹೊಡೆದ. ಕಡೆಯ ಹಕ್ಕಿಯನ್ನು ಹೊಡೆದವನಿಗೆ ಅದೇ ಕಡೆಯದೆಂದು ತಿಳಿದಿರಲಿಕ್ಕಿಲ್ಲ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಆದರೆ ಆ ಕತೆ ನಮಗೆ ಗೊತ್ತಿದೆ. ಅವರಿಗಿದ್ದ ಕ್ಷಮೆ ನಮಗಿಲ್ಲ.

'ಕೋಟ್ಯಂತರ ವರ್ಷಗಳಿಂದ ಜೀವಿಗಳು ಅಳಿಯುತ್ತಲೇ ಬಂದಿವೆ, ಇನ್ನೊಂದು ಅಳಿದರೇನು?' ಎನ್ನುವವರಿದ್ದಾರೆ. ಸಾವು ಸಹಜ ಎಂಬ ಕಾರಣಕ್ಕೆ ಯಾವ ನ್ಯಾಯಾಲಯವೂ ಕೊಲೆಗಾರನನ್ನು ಬಿಟ್ಟುಬಿಡುವುದಿಲ್ಲ. 'ಬರದ ನಾಡಿನಲ್ಲಿ ಮನುಷ್ಯನಿಗೇ ಗತಿಯಿಲ್ಲ, ಹಕ್ಕಿಯ ಮಾತೇಕೆ?' ಎಂಬ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಉತ್ತರವನ್ನು ಇಲ್ಲಿಯೇ ಹುಡುಕಬೇಕು.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡು ಕಟ್ಟುತ್ತವೆ. 1999ರ ಸುಮಾರಿಗೆ ತುಮಕೂರಿನ ಪಕ್ಷಿಪ್ರಿಯರ ಮೂಲಕ ಹೊರಜಗತ್ತಿಗೆ ಇದು ತಿಳಿಯಿತು. ಅದಕ್ಕೂ ಮೊದಲೇ ಅವನ್ನು ಕಾದವರು ಊರಿನವರು. ಗೂಡಿರುವ ಮರದ ಕೆಳಗೆ ಹಿಕ್ಕೆಯ, ಕೊಳೆತ ಮೀನಿನ ವಾಸನೆ ಇದ್ದದ್ದೇ. ಹಣ್ಣು ಬಡಿಯುವ ಕಾಲಕ್ಕೇ ಕೊಕ್ಕರೆ ಗೂಡಿಗೆ ಕೂರುತ್ತದೆ. ಕೋಲೆತ್ತಿದರೆ ಮೊಟ್ಟೆ ಬೀಳುತ್ತದೆ, ಎತ್ತದಿದ್ದರೆ ಹುಣಸೆಯ ದುಡ್ಡು ಹೋಗುತ್ತದೆ. ಬಡವನೇ ಹಕ್ಕಿಗೆ ಜಾಗ ಬಿಟ್ಟಿದ್ದಾನೆ ಎಂದ ಮೇಲೆ ಹಸಿವನ್ನು ಮುಂದೆಮಾಡಿ ಉಳಿದವರು ಜಾರಿಕೊಳ್ಳುವಂತಿಲ್ಲ. ಜೊತೆಗೆ ಇನ್ನೊಂದು ಮಾತು. ಕೊಕ್ಕರೆ ನೋಡಿ ಸಂತೋಷಪಡುವವರು ನಾವೆಲ್ಲರೂ, ನಷ್ಟ ಮಾತ್ರ ಮರದ ಒಡೆಯನದು ಎಂದರೆ ಅದೂ ಅನ್ಯಾಯವೇ. ಆ ಹೊರೆಯಲ್ಲಿ ಸರ್ಕಾರಕ್ಕೂ ಸಮಾಜಕ್ಕೂ ಪಾಲಿದೆ.

ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು 2019ರ ಹೊತ್ತಿಗೆ ಪೂರ್ಣಗೊಂಡಿತು. ಬರದಿಂದ ಬೇಸತ್ತ ರೈತರಿಗೆ ಗುತ್ತಿಗೆ ಹಣ ಬಂತು, ಹೊಗೆಯಿಲ್ಲದ ವಿದ್ಯುತ್ತೂ ಬಂತು. ಇದನ್ನು ಹಳಿಯಬೇಕಾಗಿಲ್ಲ. ಆದರೆ ಇಂಥ ಬಯಲನ್ನು ನಾವು 'ಪಾಳು ಭೂಮಿ' ಎಂದು ಕರೆದೊಡನೆ ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ನೆಲಗುಬ್ಬಿ, ಗೌಜಲಕ್ಕಿಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಮುಂದಿನ ಬಯಲಿಗೆ ಕೈಹಾಕುವ ಮುನ್ನ ಅಲ್ಲಿ ಯಾರು ಬದುಕುತ್ತಿದ್ದಾರೆಂದು ಕೇಳುವುದು ಅಭಿವೃದ್ಧಿಯ ವಿರೋಧವಲ್ಲ.

ಕನ್ನಡದ 'ಹಕ್ಕು' ಅರಬ್ಬಿಯ 'ಹಖ್'ನಿಂದ ಬಂದ ಪದ. ಹಕ್ಕಿ ಸಂಸ್ಕೃತದ 'ಪಕ್ಷಿ'ಯಿಂದ ಬಂದದ್ದು. ಎರಡೂ ಅಕ್ಕಪಕ್ಕ ಬಂದು ನಿಂತಿರುವುದು ಆಕಸ್ಮಿಕ, ಆದರೂ ಯೋಚನೆಗೆ ಹಚ್ಚುತ್ತದೆ. ಮನುಷ್ಯನ ಹಕ್ಕು ಕಸಿದವನು ಅವನ ಬಳಿಗೇ ಹೋಗಿ ಕ್ಷಮೆ ಬೇಡಬಹುದು, ಅವನಿಲ್ಲದಿದ್ದರೆ ಅವನ ಮಕ್ಕಳಿಗೆ ಸಾಲ ತೀರಿಸಬಹುದು. ಕುಲವೇ ಅಳಿದ ಹಕ್ಕಿಗೆ ವಾರಸುದಾರರಿಲ್ಲ. ಮೋವಾದ ಎಲುಬನ್ನು ಎಷ್ಟು ಚೆಂದವಾಗಿ ಜೋಡಿಸಿಟ್ಟರೂ ಆ ಸಾಲ ತೀರದು. ಕಗ್ಗಲಡುವಿನ ಕೊಕ್ಕರೆಯ ಸಾಲವನ್ನು ಇನ್ನೂ ತೀರಿಸಬಹುದು, ಏಕೆಂದರೆ ಅದು ಬದುಕಿದೆ.