ತೆರಿಗೆಯೂ ಸಮತೆಯೂ

ಸರ್ಕಾರಕ್ಕೆ ತೆರುವ ತೆರಿಗೆಯು ದಾಸೋಹವೆನಿಸುವುದೇ ಎಂಬ ಪ್ರಶ್ನೆಯು ಸದ್ಭಕ್ತರಲ್ಲಿ ಏಳುವುದು ಸಹಜ. ಎನಿಸದು. ದಾಸೋಹವು ಅಹಂಕಾರವನ್ನಳಿದು ಒಲಿದು ಮಾಡುವ ಅರ್ಪಣೆ. ತೆರಿಗೆಯು ಕಾಯಿದೆಯ ಕಟ್ಟಳೆ. ಆದರೂ ಎರಡಕ್ಕೂ ಮೂಲವಾದ ಅರಿವು ಒಂದೇ: ಕಾಯಕದಿಂದ ಗಳಿಸಿದುದರಲ್ಲಿ ಸಮಾಜದ ಪಾಲೂ ಉಂಟು.

ಆ ಪಾಲನ್ನು ಯಾರಿಂದ, ಯಾವುದರ ಮೇಲೆ ಪಡೆಯಬೇಕೆಂಬುದೇ ನ್ಯಾಯದ ಪ್ರಶ್ನೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಕುಂಕುಮಕ್ಕೂ ಗಾಜಿನ ಬಳೆಗೂ ವಿನಾಯಿತಿ ದೊರೆಯಿತು. ಮುಟ್ಟಿನ ದಿನಗಳಲ್ಲಿ ಬಳಸುವ ಸ್ಯಾನಿಟರಿ ನ್ಯಾಪ್‌ಕಿನ್ನಿಗೆ ಶೇಕಡಾ 12ರ ತೆರಿಗೆ ಬಿದ್ದಿತು. ಮುತ್ತೈದೆತನದ ಗುರುತನ್ನು ಮನ್ನಿಸಿದ ಕಟ್ಟಳೆಯು ಹೆಣ್ಣಿನ ಶರೀರಧರ್ಮವನ್ನು ಮರೆಯಿತು. ದೇಶದಾದ್ಯಂತ ಆಕ್ಷೇಪಗಳೆದ್ದ ಬಳಿಕ 2018ರ ಜುಲೈಯಲ್ಲಿ ಆ ತೆರಿಗೆಯನ್ನು ತೆಗೆದುಹಾಕಲಾಯಿತು. ಪಂಚಸೂತಕಗಳಲ್ಲೊಂದಾದ ರಜಸ್ಸೂತಕವನ್ನೂ ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವ ನಾವು ಆ ಆಕ್ಷೇಪವನ್ನು ಎಲ್ಲರಿಗಿಂತ ಮೊದಲೇ ಎತ್ತಬೇಕಾಗಿತ್ತಲ್ಲವೇ?

ಆದಾಯ ತೆರಿಗೆಯಲ್ಲಿ ಸ್ತ್ರೀಯರಿಗೆ ಒಂದಿಷ್ಟು ಹೆಚ್ಚಿನ ವಿನಾಯಿತಿ ಇದ್ದುದುಂಟು. 2011-12ರಲ್ಲಿ ತೆರಿಗೆಯಿಲ್ಲದ ಆದಾಯದ ಮಿತಿಯು ಪುರುಷರಿಗೆ 1,80,000 ರೂಪಾಯಿ, ಸ್ತ್ರೀಯರಿಗೆ 1,90,000 ರೂಪಾಯಿ. ಮರುವರ್ಷ ಇಬ್ಬರಿಗೂ 2,00,000 ಆಗಿ ಭೇದವು ಅಳಿಯಿತು. ಆದರೆ ಕೂಲಿಯಿಲ್ಲದೆ ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯುವ ತಾಯಿಗೆ ಆ ವಿನಾಯಿತಿಯಿಂದ ಬಂದುದೇನು? ಆಕೆಯ ಕಾಯಕವು ಆದಾಯದ ಲೆಕ್ಕಕ್ಕೇ ಬಾರದು.

ಇನ್ನು ನಮ್ಮ ಮನೆಗಳ ಮಾತು. ತೆರಿಗೆಯನ್ನು ತಗ್ಗಿಸಲೆಂದು ಮಡದಿಯ ಹೆಸರಿನಲ್ಲಿ ಠೇವಣಿ ಇಡುವ ಗೃಹಸ್ಥರುಂಟು. ಗಂಡನು ಪ್ರತಿಫಲವಿಲ್ಲದೆ ಹೆಂಡತಿಗೆ ಕೊಟ್ಟ ಹಣದಿಂದ ಬರುವ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸಬೇಕೆಂದು 1961ರ ಆದಾಯ ತೆರಿಗೆ ಕಾಯಿದೆಯು ವಿಧಿಸಿದ್ದುದು ಈ ಉಪಾಯವನ್ನು ಬಲ್ಲುದರಿಂದಲೇ. ಕಾಯಿದೆಯ ಕಣ್ಣು ತಪ್ಪಿಸಿದರೂ ಅಂತರಂಗದ ಕಣ್ಣು ತಪ್ಪೀತೇ? ಹೆಸರು ಮಡದಿಯದು, ಹಿಡಿತ ಗಂಡನದು ಎಂದಾದರೆ ಅದು ಸಮತೆಯಲ್ಲ; ಸಮತೆಯ ಸೋಗು.

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ತಾಯಿ ವಿಧಿಸಿದಳು. ಮಾರಯ್ಯನು ತಲೆಬಾಗಿ ನಡೆದನು. ಆ ಮನೆಯಲ್ಲಿ ಹೆಣ್ಣು ಬರಿಯ ಹೆಸರಾಗಿರಲಿಲ್ಲ, ತೀರ್ಪಾಗಿದ್ದಳು. ಆದುದರಿಂದ ಸದ್ಭಕ್ತರೇ, ಮಡದಿಯ ರುಜುವನ್ನು ಕೇಳುವ ಮುನ್ನ ಪತ್ರವನ್ನು ಆಕೆಗೆ ಓದಿ ಹೇಳಿರಿ. ಬೇಡವೆನ್ನುವ ಅಧಿಕಾರವನ್ನೂ ಆಕೆಗೆ ಕೊಡಿರಿ. ರಾಜ್ಯದಿಂದ ನಾವು ಬೇಡುವ ನ್ಯಾಯವು ಮೊದಲು ನಮ್ಮ ಮನೆಯಲ್ಲಿ ಸಲ್ಲಲಿ.