ಎಲೆ ಕೆಳಗಿಡುವ ಹಕ್ಕು

ಪಣದ ಆಟದಲ್ಲಿ ಕಡೆಯವರೆಗೂ ಕೂತವನಿಗೆ ಎದೆಗಾರ ಎನ್ನುತ್ತೇವೆ, ನಡುವೆ ಎಲೆ ಕೆಳಗಿಟ್ಟವನಿಗೆ ಅಂಜುಬುರುಕ ಎನ್ನುತ್ತೇವೆ. ಈ ತೀರ್ಪು ತಿರುವುಮುರುವಾಗಿದೆ ಎಂದು ನಾನು ನಂಬಿದ್ದೇನೆ. ಯಾವಾಗ ಬಿಡಬೇಕು ಎಂದು ತಿಳಿಯುವುದೇ ಆಟದ ಕಠಿಣವಾದ ವಿವೇಕ. ಆದರೆ ಆ ವಿವೇಕ ಇದ್ದವರೆಲ್ಲ ಅದರಂತೆ ನಡೆಯಲಾರರು. ಯಾಕೆ ಎಂಬುದಕ್ಕೆ ಉತ್ತರ ಇಸ್ಪೀಟಿನ ಮೇಜಿಗಿಂತ ವಿಜಯಪುರ ಜಿಲ್ಲೆಯ ಹಲಸಂಗಿಯ ಸುತ್ತಲಿನ ಎರಿ ಹೊಲಗಳಲ್ಲಿ ಚೆನ್ನಾಗಿ ಸಿಗುತ್ತದೆ.

ಮೊದಲು ಮೇಜಿನ ಲೆಕ್ಕ. ಪೋಕರ್ ಆಟದಲ್ಲಿ ನಡುವೆ 300 ರೂಪಾಯಿ ಬಿದ್ದಿದೆ, ಎದುರಾಳಿ 100 ಹಾಕಿದ. ನಾನೂ 100 ಹಾಕಿದರೆ ಒಟ್ಟು 500. ಐದು ಸಲದಲ್ಲಿ ಒಂದು ಸಲ ಗೆದ್ದರೆ ನನಗೆ ಸರಿಸಮ. ಕೈಯಲ್ಲೂ ನೆಲದಲ್ಲೂ ಸೇರಿ ಒಂದೇ ಜಾತಿಯ ನಾಲ್ಕು ಎಲೆಗಳಿವೆ, ಐದನೆಯದು ಬಂದರೆ ಗೆಲುವು, ಬರಬೇಕಾದದ್ದು ಒಂದೇ ಎಲೆ ಎಂದುಕೊಳ್ಳಿ. ನಾನು ಕಾಣದ 46 ಎಲೆಗಳಲ್ಲಿ ನನಗೆ ಬೇಕಾದವು 9. ಐದರಲ್ಲಿ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಮುಂದೆ ಪಣ ಏರುವುದಿಲ್ಲ ಎಂದಾದರೆ ಎಲೆ ಕೆಳಗಿಡುವುದೇ ಸರಿ. ಈ ಲೆಕ್ಕದಲ್ಲಿ ನಾನು ಈವರೆಗೆ ಎಷ್ಟು ಹಾಕಿದ್ದೆ ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಹಾಕಿದ ದುಡ್ಡು ಹಾಕಿದ ಗಳಿಗೆಯಿಂದಲೇ ನನ್ನದಾಗಿ ಉಳಿದಿಲ್ಲ.

ಈಗ ಹೊಲಕ್ಕೆ ಬರೋಣ. ಹಲಸಂಗಿ ಇರುವ ಇಂಡಿ ಸೀಮೆ ಲಿಂಬಿಗೆ ಹೆಸರಾದದ್ದು. ಮಳೆ ಕೈಕೊಟ್ಟ ವರ್ಷ ಗಿಡ ಒಣಗತೊಡಗುತ್ತದೆ, ರೈತ ಬೋರ್ ಗಾಡಿ ಕರೆಸುತ್ತಾನೆ. ಮುನ್ನೂರು ಅಡಿ ಇಳಿದರೂ ಬರೀ ಬೂದುಬಣ್ಣದ ಪುಡಿ. ಇನ್ನೂ ನೂರು ಅಡಿ ಹೊಡೆಸಬೇಕೆ, ನಿಲ್ಲಿಸಬೇಕೆ? ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಇಲ್ಲಿನ ನೆಲದಡಿ ಇರುವುದು ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು. ಅದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಬಿರುಕುಗಳಲ್ಲಿ, ಒಂದು ಪದರ ಇನ್ನೊಂದನ್ನು ಕೂಡುವ ಸಂದಿನಲ್ಲಿ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ. ಇನ್ನೂ ಕೆಳಗೆ ಹೋದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಗೆ ಕಲ್ಲಿನಲ್ಲಿ ಆಧಾರವಿಲ್ಲ. ಆದರೂ ಮುನ್ನೂರು ಅಡಿಯ ದುಡ್ಡು ಮನಸ್ಸನ್ನು ಹಿಡಿದು ಎಳೆಯುತ್ತದೆ. ಪಕ್ಕದಲ್ಲಿ ನಿಂತು ‘ಇನ್ನ ಐವತ್ತು ಅಡಿ ನೋಡೋಣ’ ಎನ್ನುವವನಿಗೆ ಅಡಿ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಮುಂದುವರಿ ಎಂದು ಹೇಳುವವನು ನಾನು ಸೋತರೂ ಗಳಿಸುವವನಾದರೆ ಅವನ ಮಾತನ್ನು ಸಲಹೆ ಎಂದು ತಿಳಿಯಬಾರದು.

ಇಷ್ಟಾದರೂ ರೈತನಿಗೆ ಜೂಜುಗಾರನ ಲೆಕ್ಕ ಕಲಿಸಿದರೆ ಸಾಕು ಎನ್ನುವವರ ಜೊತೆ ನಾನಿಲ್ಲ. ಪೋಕರ್ ಬಲ್ಲವನು ನಾಲ್ಕು ಸಲ ಸೋತು ಐದನೆಯ ಸಲಕ್ಕೆ ಕಾಯಬಲ್ಲ, ಯಾಕೆಂದರೆ ಅವನಿಗೆ ಐದನೆಯ ಆಟ ಇದೆ. ಸಂಭವನೀಯತೆಯ ಸತ್ಯ ನಿಂತಿರುವುದೇ ಮತ್ತೆಮತ್ತೆ ಆಡುವ ಅವಕಾಶದ ಮೇಲೆ. ನಾಲ್ಕೆಕರೆಯ ಒಡೆಯನಿಗೆ ಸಿಗುವುದು ಒಂದೋ ಎರಡೋ ಕೈ. ಅವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಗೆಲುವಿನ ಪ್ರಮಾಣದ್ದಲ್ಲ: ಸೋತರೆ ಬರುವ ವರ್ಷ ಬಿತ್ತಲು ನಾನು ಉಳಿದಿರುತ್ತೇನೆಯೇ? ಉಳಿಯದಿದ್ದರೆ ಎಂಥ ಒಳ್ಳೆಯ ಪಣವೂ ಅವನಿಗೆ ಕೆಟ್ಟ ಪಣ.

ಇನ್ನೊಂದು ತೊಡಕು ಲಿಂಬಿಯಲ್ಲೇ ಇದೆ. ಒಣ ಬೋರಿಗೆ ಸುರಿದ ದುಡ್ಡನ್ನು ಮರೆಯಬಹುದು, ಮರೆಯಬೇಕು. ವರ್ಷಗಟ್ಟಲೆ ಸಾಕಿ ಫಲಕ್ಕೆ ಬಂದ ಗಿಡವನ್ನು ಹಾಗೆ ಮರೆಯಲಾಗದು, ಅದರಲ್ಲಿ ಮುಂದಿನ ಹಲವು ವರ್ಷಗಳ ಫಲ ಜೀವಂತವಾಗಿದೆ. ಹಿಂದಿನ ಖರ್ಚಿನ ಮೋಹಕ್ಕೂ ಮುಂದಿನ ಬದುಕಿನ ಆಸೆಗೂ ಅಂತರವಿದೆ. ಗಿಡ ಉಳಿಸಲು ಟ್ಯಾಂಕರ್ ನೀರು ಹಾಕಿದವನನ್ನು ಹಟಮಾರಿ ಎನ್ನಲು ನನಗೆ ಬಾಯಿ ಬಾರದು.

ಮರ್ಯಾದೆಯೂ ಕೈ ಕಟ್ಟುತ್ತದೆ. ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಯ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಸೋಲುತ್ತಾನೆ, ಎಲ್ಲವೂ ಮರಳಿ ಸಿಕ್ಕ ಮೇಲೂ ಎರಡನೆಯ ಕರೆಗೆ ಓಗೊಟ್ಟು ಬರುತ್ತಾನೆ. ಕರೆದಾಗ ಒಲ್ಲೆನೆನ್ನುವುದು ತನಗೆ ತಕ್ಕದ್ದಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆ ಗೊತ್ತಿದ್ದ ಶಕುನಿ ಅರ್ಧ ಆಟವನ್ನು ಮೊದಲೇ ಗೆದ್ದಿದ್ದ. ಪಕ್ಕದ ಹೊಲದವನಿಗೆ ಎರಡು ಇಂಚು ನೀರು ಬಿದ್ದಾಗ ನಮ್ಮ ರೈತನಿಗೆ ಬರುವ ಕರೆಯೂ ಇಂಥದ್ದೇ. ಎಲ್ಲರೂ ಒಂದೇ ಅಂತರ್ಜಲಕ್ಕೆ ಕೈ ಹಾಕಿರುವಾಗ ಅವನ ಗೆಲುವು ನನ್ನ ಎಲೆಗಳನ್ನೇ ಕಡಿಮೆ ಮಾಡಿರಬಹುದು ಎಂಬುದು ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ.

ಈ ಸೀಮೆಯ ಒಣಬೇಸಾಯ ಒಂದು ಕಾಲಕ್ಕೆ ಬಿಡುವುದನ್ನು ಬಲ್ಲದಾಗಿತ್ತು. ಮುಂಗಾರಿ ಹೋದರೆ ಹೊಲ ಹರಗಿ ಇಟ್ಟು, ಹಿಂಗಾರಿಯ ಹಸಿಗೆ ಬಿಳಿಜೋಳ ಬಿತ್ತುತ್ತಿದ್ದರು. ಜೋಳದ ನಡುವೆ ಅಕ್ಕಡಿ ಸಾಲು ಹಾಕಿ, ಎಲ್ಲ ಪಣವನ್ನೂ ಒಂದೇ ಬೆಳೆಯ ಮೇಲೆ ಇಡುತ್ತಿರಲಿಲ್ಲ. ಮಿಕ್ಕ ಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಒಂದು ಹಂಗಾಮನ್ನು ಕೈಬಿಡುವ ಧೈರ್ಯ ಆ ಹಗೇವಿನಿಂದ ಬಂದದ್ದು. ಹೊಟ್ಟೆಗೆ ಕಾಳು ಇದ್ದವನು ಕೆಟ್ಟ ಪಣಕ್ಕೆ ಒಲ್ಲೆ ಎನ್ನಬಲ್ಲ. ಆ ಕಾಲವನ್ನು ಬಂಗಾರ ಎನ್ನುತ್ತಿಲ್ಲ. 1876–78ರ ಭೀಕರ ಬರದಂಥದ್ದು ಎರಗಿದಾಗ ಮನೆಯ ಹಗೇವು ಯಾರನ್ನೂ ಕಾಯಲಿಲ್ಲ. ಅದಕ್ಕೇ ಇಂದಿನ ಹಗೇವನ್ನು ಸಮಾಜವೇ ಕಟ್ಟಬೇಕು.

ಇಸ್ಪೀಟಿನ ವಿಷಯದಲ್ಲಿ ನಮ್ಮ ಕಾನೂನು ಬಹಳ ತಲೆ ಕೆಡಿಸಿಕೊಂಡಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಆನ್‌ಲೈನ್ ಪಣದಾಟ ತಡೆಯಲು 2021ರಲ್ಲಿ ರಾಜ್ಯ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ಅಸಿಂಧುಗೊಳಿಸಿತು. 2025ರಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಒಲ್ಲೆ ಎನ್ನಲಾಗದವನನ್ನು ಕಾಯುವುದು ಸರ್ಕಾರದ ಹೊಣೆ ಎಂಬ ಒಪ್ಪಿಗೆ ಈ ನಿಷೇಧದ ಹಿಂದಿದೆ. ಹಾಗಾದರೆ ಅದೇ ಕಾಳಜಿ ಬೋರಿನ ಬಾಯಿಯವರೆಗೂ ಬರಬೇಕು. ಕೊರೆಯುವ ಮೊದಲು ಊರಿನ ನೆಲದಡಿಯ ಕಲ್ಲು ನೀರಿನ ಮಾಹಿತಿ ಕೈಗೆ ಸಿಗಬೇಕು. ಬೋರ್ ಒಣಗಿದರೆ ಹೊಲ ಹೋಗದಂಥ ಸಾಲ ಇರಬೇಕು. ಬೆಳೆ ಹೋದ ವರ್ಷವೇ ವಿಮೆಯ ದುಡ್ಡು ಮುಟ್ಟಬೇಕು. ಫೇಲಾದ ಬೋರನ್ನು ಅಂದೇ ಮುಚ್ಚಿಸುವ ಏರ್ಪಾಡೂ ಬೇಕು, ಯಾಕೆಂದರೆ ಕೆಳಗಿಟ್ಟ ಎಲೆ ಯಾರನ್ನೂ ಕೊಲ್ಲುವುದಿಲ್ಲ, ತೆರೆದು ಬಿಟ್ಟ ಕೊಳವೆಬಾವಿ ಮಕ್ಕಳನ್ನು ನುಂಗುತ್ತದೆ.

ಸಾಲ ಮಾಡಿ ಬೋರ್ ಹೊಡೆಸಿದವನಿಗೆ ‘ಯಾಕೆ ನಿಲ್ಲಿಸಲಿಲ್ಲ?’ ಎಂದು ಕೇಳುವುದು ಸುಲಭ. ನಿಲ್ಲಿಸಿದ್ದರೆ ಅವನು ಏನನ್ನು ನೆಚ್ಚಿ ಬದುಕಬೇಕಿತ್ತು ಎಂಬುದಕ್ಕೆ ಉತ್ತರ ಹೊಂದಿಸಿಕೊಂಡವರಿಗೆ ಮಾತ್ರ ಆ ಪ್ರಶ್ನೆ ಕೇಳುವ ಅಧಿಕಾರವಿದೆ.