ಕಳಂಕವಿಲ್ಲದ ದಾಖಲೆ

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೂ ಇತರ ದೂರದೇಶಗಳಲ್ಲಿಯೂ ದುಡಿಯುತ್ತಿದ್ದಾರೆ. ಅವರು ರಜೆಯ ಮೇಲೆ ಊರಿಗೆ ಹೊರಟಾಗ ಟಿಕೆಟಿನ ದರದೊಡನೆ ಮತ್ತೊಂದು ಪ್ರಶ್ನೆಯೂ ಮನೆಯವರನ್ನು ಕಾಡುವುದುಂಟು: ಯಾವ ಸಂಸ್ಥೆಯ ವಿಮಾನ ಹೆಚ್ಚು ಸುರಕ್ಷಿತ? ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ದೇವರಿತ್ತ ಪ್ರಾಣವನ್ನು ಕಾಪಾಡಿಕೊಳ್ಳುವುದು ವಿವೇಕದ ಲಕ್ಷಣ. ಆದರೆ ಅಪಘಾತ ಸಂಭವಿಸದ ಸಂಸ್ಥೆಯೆಲ್ಲವೂ ಒಳ್ಳೆಯದು, ಸಂಭವಿಸಿದ್ದೆಲ್ಲವೂ ಕೆಟ್ಟದ್ದು ಎಂದು ತೀರ್ಪು ಕೊಡಬಹುದೇ?

ಶಬ್ದದ ವೇಗವನ್ನು ಮೀರಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನಗಳು 1976ರಲ್ಲಿ ಪ್ರಯಾಣಿಕರ ಸೇವೆಗೆ ಬಂದವು. ಇಪ್ಪತ್ತನಾಲ್ಕು ವರ್ಷಗಳ ಕಾಲ ಅವುಗಳಲ್ಲಿ ಒಬ್ಬ ಪ್ರಯಾಣಿಕನೂ ಅಪಘಾತಕ್ಕೆ ಬಲಿಯಾಗಲಿಲ್ಲ. ಆದರೆ 2000ದ ಜುಲೈ 25ರಂದು ಪ್ಯಾರಿಸ್ ಬಳಿ ಒಂದು ಕಾಂಕಾರ್ಡ್ ಉರುಳಿ 113 ಮಂದಿ ಮಡಿದರು. ರನ್‌ವೇಯಲ್ಲಿ ಬಿದ್ದಿದ್ದ ಲೋಹದ ಪಟ್ಟಿಯೊಂದು ಟೈರನ್ನು ಸೀಳಿ, ಅದರ ತುಂಡು ಇಂಧನದ ತೊಟ್ಟಿಗೆ ಬಡಿದು, ಸೋರಿದ ಇಂಧನಕ್ಕೆ ಬೆಂಕಿ ಹತ್ತಿತ್ತು. ಕಾಂಕಾರ್ಡ್‌ಗಳ ಒಟ್ಟು ಹಾರಾಟಗಳು ಬಹಳ ಕಡಿಮೆಯಾಗಿದ್ದುದರಿಂದ, ಹಾರಾಟಗಳ ಲೆಕ್ಕದಲ್ಲಿ ಅದರ ದಾಖಲೆ ಒಂದೇ ದಿನದಲ್ಲಿ ತಲೆಕೆಳಗಾಯಿತು. ಆದರೆ ಅಪಾಯ ಆ ದಿನ ಹುಟ್ಟಿದ್ದಲ್ಲ. 1979ರಲ್ಲಿಯೇ ವಾಷಿಂಗ್ಟನ್‌ನಲ್ಲಿ ಟೈರು ಸಿಡಿದು ಇಂಧನದ ತೊಟ್ಟಿಗೆ ರಂಧ್ರ ಬಿದ್ದಿತ್ತು. ಆಗ ಯಾರೂ ಸಾಯದಿದ್ದುದರಿಂದ ಸಾವಿನ ದಾಖಲೆ ಶುಭ್ರವಾಗಿಯೇ ಉಳಿದಿತ್ತು.

ಇನ್ನೊಂದು ಘಟನೆಯನ್ನು ನೋಡೋಣ. 1974ರ ಡಿಸೆಂಬರ್ 1ರಂದು ಅಮೆರಿಕದ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದು ವರ್ಜೀನಿಯದ ಬೆಟ್ಟಕ್ಕೆ ಅಪ್ಪಳಿಸಿ, ಅದರಲ್ಲಿದ್ದ 92 ಮಂದಿಯೂ ಮಡಿದರು. ಕೆಳಗಿಳಿಯಲು ದೊರೆತ ಅನುಮತಿಯನ್ನು ಚಾಲಕರು ಒಂದು ಬಗೆಯಾಗಿ, ನಿಯಂತ್ರಕರು ಮತ್ತೊಂದು ಬಗೆಯಾಗಿ ಗ್ರಹಿಸಿದ್ದರು. ಅದಕ್ಕೆ ಆರು ವಾರ ಮೊದಲು ಯುನೈಟೆಡ್ ಸಂಸ್ಥೆಯ ಚಾಲಕರು ಅಲ್ಲಿಯೇ, ಅದೇ ಗೊಂದಲಕ್ಕೆ ಸಿಲುಕಿ ಕೂದಲೆಳೆಯಷ್ಟರಲ್ಲಿ ಪಾರಾಗಿದ್ದರು. ಅವರು ಅದನ್ನು ಮುಚ್ಚಿಡದೆ ತಮ್ಮ ಸಂಸ್ಥೆಗೆ ತಿಳಿಸಿದರು. ಸಂಸ್ಥೆ ತನ್ನ ಇತರ ಚಾಲಕರನ್ನು ಎಚ್ಚರಿಸಿತು. ಆದರೆ ಆ ಎಚ್ಚರಿಕೆ ನೆರೆಯ ಸಂಸ್ಥೆಯನ್ನು ತಲುಪಲಿಲ್ಲ.

ಈ ದುರಂತ ಕಲಿಸಿದ ಪಾಠದಿಂದ 1976ರಲ್ಲಿ ಅಮೆರಿಕದಲ್ಲಿ ಹೊಸ ವ್ಯವಸ್ಥೆಯೊಂದು ರೂಪುಗೊಂಡಿತು. ಚಾಲಕರು ತಮ್ಮ ತಪ್ಪುಗಳನ್ನೂ ಕಂಡ ಅಪಾಯಗಳನ್ನೂ ನಾಸಾ ಸಂಸ್ಥೆಗೆ ಬರೆದು ತಿಳಿಸಬಹುದು. ಅಲ್ಲಿ ಅವರ ಹೆಸರನ್ನು ಅಳಿಸಿ, ಪಾಠವನ್ನು ಎಲ್ಲರಿಗೂ ಹಂಚಲಾಗುತ್ತದೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನಗಳೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿಯೂ ಉಂಟು. ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಇದರ ಮರ್ಮ ಹೊಸದಲ್ಲ. ಭಯವಿರುವಲ್ಲಿ ತಪ್ಪು ಅಡಗಿಕೊಳ್ಳುತ್ತದೆ. ಕ್ಷಮೆಯ ಭರವಸೆಯಿರುವಲ್ಲಿ ಅದು ಬೆಳಕಿಗೆ ಬರುತ್ತದೆ.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿಯನ್ನು ಬಲಿ ತೆಗೆದುಕೊಂಡಿತು. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹಚಾಲಕ ಮೂರು ಬಾರಿ ಹೇಳಿದ್ದನೆಂದು ತನಿಖೆಯಿಂದ ತಿಳಿದುಬಂತು. ಕಿರಿಯನು ಮಾತನಾಡಿದರೆ ಸಾಲದು, ಹಿರಿಯನು ಕಿವಿಗೊಡಲೂಬೇಕು. ಮಡಿದವರ ವಿಷಯದಲ್ಲಿ ಮಾತ್ರ ನಾವು ತೀರ್ಪುಗಾರರಾಗಬಾರದು. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಲ್ಲವೆಂದು ಪ್ರಭು ಯೇಸು ಸ್ಪಷ್ಟಪಡಿಸಿದ್ದನ್ನು ಸಂತ ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಅದೇ ಮಾತಿನಲ್ಲಿ ಪ್ರಭು ಬದುಕುಳಿದವರನ್ನು ಪಶ್ಚಾತ್ತಾಪಕ್ಕೆ ಕರೆದರು. ಪಾರಾದವರ ದಾಖಲೆ ಅವರ ಪುಣ್ಯಕ್ಕೆ ಸಾಕ್ಷಿಯಲ್ಲ.

ನಮ್ಮ ಮನೆಗಳಿಗೂ ಒಂದು ದಾಖಲೆಯಿದೆ. ‘ನಮ್ಮ ಕುಟುಂಬಕ್ಕೆ ಇದುವರೆಗೆ ಕೆಟ್ಟ ಹೆಸರು ಬಂದಿಲ್ಲ’ ಎಂದು ಹೆಮ್ಮೆಪಡುತ್ತೇವೆ. ಆ ಹೆಸರನ್ನು ಉಳಿಸಲೆಂದೇ ಮಗನ ಕುಡಿತವನ್ನು, ಸೊಸೆಯ ಕಣ್ಣೀರನ್ನು, ಏರುತ್ತಿರುವ ಸಾಲವನ್ನು ಮುಚ್ಚಿಡುತ್ತೇವೆ. ಕಿರಿಯರು ಎಚ್ಚರಿಸಿದರೆ ಗದರಿಸಿ ಸುಮ್ಮನಾಗಿಸುತ್ತೇವೆ. ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಶಿಕ್ಷೆಯ ಭಯವಿಲ್ಲದೆ ತಪ್ಪನ್ನು ಹೇಳಿಕೊಳ್ಳಲು ಮನೆಯ ಅತಿ ಕಿರಿಯನಿಗೂ ಅವಕಾಶವಿದೆಯೇ ಎಂದು ಪ್ರತಿಯೊಬ್ಬ ತಂದೆತಾಯಿಯೂ ಆತ್ಮಶೋಧನೆ ಮಾಡಿಕೊಳ್ಳಲಿ.